35 ಇಂಚಿನ ಧಣಿ

ಅಮೆರಿಕದ ಉಪನಗರಗಳ ಸೂಪರ್‌ಮಾರ್ಕೆಟ್ಟುಗಳ ಮುಂದೆ, ಪಾರ್ಕಿಂಗ್ ಗೆರೆಗಳನ್ನು ಎರಡೂ ಕಡೆ ಮೆಟ್ಟಿ ನಿಂತ ಪಿಕಪ್ ಟ್ರಕ್ ಕಂಡರೆ ಅದರ ಒಡೆಯ 35 ಇಂಚಿನ ಧಣಿಯೆಂದು ತಿಳಿಯಬಹುದು. ಕಂಪನಿ ಕೊಟ್ಟ 31 ಇಂಚಿನ ಟೈರುಗಳನ್ನು ಕಳಚಿಸಿ, ಗಾಡಿಯನ್ನು ಮೇಲಕ್ಕೆತ್ತಿಸಿ, 35 ಇಂಚಿನವನ್ನು ತೊಡಿಸಿದವನು ಈತ. ಗಾಡಿ ಹತ್ತಲು ಈತನಿಗೆ ಮೆಟ್ಟಿಲು ಬೇಕು. ಹೆಂಡತಿಗೆ ಮೆಟ್ಟಿಲಿನ ಜೊತೆಗೆ ತಾಳ್ಮೆಯೂ ಬೇಕು. ಆಕ್ಸಲ್ ಗೇರಿನ ಅನುಪಾತ ಲೆಕ್ಕ ಹಾಕಿ ಆಮೇಲೆ ಟೈರು ಕೊಳ್ಳುವುದು ಕ್ರಮ. ಧಣಿ ಮದುವೆ ಮುಗಿಸಿಕೊಂಡು ಜಾತಕ ಕೂಡಿಸಲು ಹೊರಡುವವನು.

ತೊಂದರೆ ಮೊದಲ ಏರಿನಲ್ಲೇ ಕಾಣಿಸಿಕೊಳ್ಳುತ್ತದೆ. ಟೈರು ದೊಡ್ಡದಾದರೆ ಒಂದು ಸುತ್ತಿಗೆ ಗಾಡಿ ಸಾಗುವ ದೂರ ಹೆಚ್ಚುತ್ತದೆ, ಎಂಜಿನ್ನಿನ ಬಲ ಇದ್ದಷ್ಟೇ ಇರುತ್ತದೆ. 3.73 ಅನುಪಾತದ ಆಕ್ಸಲ್ ಈಗ 3.30ರ ಹಾಗೆ ವರ್ತಿಸುತ್ತದೆ. ಟಾಪ್ ಗೇರು 0.70 ಇರುವ ಗಾಡಿಯಲ್ಲಿ, ಗಂಟೆಗೆ 65 ಮೈಲಿ ವೇಗಕ್ಕೆ ನಿಮಿಷಕ್ಕೆ ಸುಮಾರು 1,840 ಸುತ್ತು ಸುತ್ತುತ್ತಿದ್ದ ಎಂಜಿನ್ 1,630ಕ್ಕೆ ಇಳಿಯುತ್ತದೆ. ಸುತ್ತು ಕಡಿಮೆಯಾದರೆ ಪೆಟ್ರೋಲ್ ಉಳಿಯುತ್ತದೆಂಬುದು ಧಣಿಯ ಮೊದಲ ಸಿದ್ಧಾಂತ. ಅಷ್ಟು ಕಡಿಮೆ ಸುತ್ತಿನಲ್ಲಿ ಎಳೆಯಲಾಗದ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಸಣ್ಣ ಏರಿಗೂ ಕೆಳಗಿನ ಗೇರಿಗೆ ಇಳಿಯುತ್ತದೆ, ಹತ್ತುತ್ತದೆ, ಮತ್ತೆ ಇಳಿಯುತ್ತದೆ. ಒಳಗಿನ ಆಯಿಲ್ ಕಾಯುತ್ತದೆ. ಧಣಿ ಮೊದಲು ಎದುರುಗಾಳಿಯನ್ನು, ಆಮೇಲೆ ಪೆಟ್ರೋಲ್ ಬಂಕನ್ನು ದೂರುತ್ತಾನೆ. ಮೈಲೇಜು ಬಿದ್ದಿದೆಯೆಂದರೆ ಮಾತ್ರ ಅವನಲ್ಲಿ ಗಟ್ಟಿ ಉತ್ತರವಿದೆ: ಓಡೋಮೀಟರ್ 100 ಮೈಲಿ ತೋರಿಸುವಾಗ ಗಾಡಿ ನಿಜವಾಗಿ ಸುಮಾರು 113 ಮೈಲಿ ಓಡಿರುತ್ತದೆ. ಅವನ ವಾದಗಳಲ್ಲಿ ಲೆಕ್ಕಕ್ಕೆ ನಿಲ್ಲುವುದು ಇದೊಂದೇ. ಗಾಡಿ ಮಾರುವ ದಿನ ಈ 13 ಮೈಲಿ ಅವನ ನೆನಪಿಗೆ ಬರುವುದಿಲ್ಲ.

ಆಕ್ಸಲ್ ನಡುವಿನ ಡಿಫರೆನ್ಷಿಯಲ್‌ನ ಕ್ರೌನ್ ಚಕ್ರದ ಹಲ್ಲುಗಳನ್ನು ಅದನ್ನು ತಿರುಗಿಸುವ ಪಿನಿಯನ್ನಿನ ಹಲ್ಲುಗಳಿಂದ ಭಾಗಿಸಿದರೆ ಬರುವುದೇ ಅನುಪಾತ. ಕ್ರೌನಿಗೆ 41 ಹಲ್ಲಿದ್ದು ಪಿನಿಯನ್ನಿಗೆ 11 ಇದ್ದರೆ 3.73, 10 ಇದ್ದರೆ 4.10, 9 ಇದ್ದರೆ 4.56. ಸಂಖ್ಯೆ ಏರಿದಷ್ಟೂ ಎಳೆತ ಹೆಚ್ಚು, ಎಂಜಿನ್ನಿನ ಸುತ್ತೂ ಹೆಚ್ಚು. ಹೊಸ ಟೈರಿನಲ್ಲೂ ಹಳೆಯ ಎಳೆತವೇ ಬೇಕೆಂದರೆ, ಹಳೆಯ ಅನುಪಾತವನ್ನು ಹೊಸ ಟೈರಿನ ಎತ್ತರದಿಂದ ಗುಣಿಸಿ, ಹಳೆಯದರ ಎತ್ತರದಿಂದ ಭಾಗಿಸಿದರೆ 4.21 ಬರುತ್ತದೆ. ಈ ಮೂರರಲ್ಲಿ ಹತ್ತಿರದ್ದು 4.10, ಅದನ್ನು ದಾಟಿದರೆ 4.56. ಇಷ್ಟಕ್ಕೂ 35 ಎಂಬುದನ್ನೇ ಮೊದಲು ಒರೆಗೆ ಹಚ್ಚಬೇಕು. 315/70 ಆರ್ 17 ಎಂದು ಬರೆದ ಟೈರನ್ನು ಅಂಗಡಿಯವನೂ ಧಣಿಯೂ 35 ಎನ್ನುತ್ತಾರೆ. ಆ ಅಂಕಿಗಳನ್ನೇ ಬಿಡಿಸಿದರೆ ಎತ್ತರ 34.4 ಇಂಚು. ಅದನ್ನು ಲೆಕ್ಕಕ್ಕೆ ಹಾಕಿದರೆ ಉತ್ತರ 4.14, ಎಂದರೆ 4.10ರ ಪಕ್ಕದಲ್ಲೇ.

ಅಂಕಗಣಿತ ಇಲ್ಲಿಗೆ ಮುಗಿಯುತ್ತದೆ, ಸ್ವಭಾವ ಇಲ್ಲಿಂದ ಶುರುವಾಗುತ್ತದೆ. ಗಾಡಿಗೆ ಏನು ಕೆಲಸ ಎಂದು ಮೆಕ್ಯಾನಿಕ್ ಕೇಳುತ್ತಾನೆ. ದೋಣಿ ಎಳೆಯುವುದು, ಬೆಟ್ಟ ಹತ್ತುವುದು, 1967ರಲ್ಲಿ ಈಸ್ಟರ್ ಜೀಪ್ ಸಫಾರಿ ಆರಂಭವಾದ ಯೂಟಾದ ಮೋಆಬ್‌ಗೆ ಹೋಗಿ ಬಂಡೆ ಏರುವುದು ಎಂದು ಧಣಿ ಪಟ್ಟಿ ಒಪ್ಪಿಸುತ್ತಾನೆ. ದೋಣಿ ಭಾವಮೈದನದು, ಬೆಟ್ಟ ಕ್ಯಾಲೆಂಡರಿನದು, ಮೋಆಬ್ ಮುಂದಿನ ವರ್ಷದ್ದು. ಮನೆಗೂ ಆಫೀಸಿಗೂ ನಡುವಿನ ಹೆದ್ದಾರಿ ಪಟ್ಟಿಯಲ್ಲಿ ಇರುವುದಿಲ್ಲ. ಹೆದ್ದಾರಿಯೇ ಹೆಚ್ಚೆನ್ನುವವನಿಗೆ 4.10 ಸಾಕು; ಬೆಟ್ಟದ ಸೀಮೆಯಲ್ಲಿ ಭಾರ ಎಳೆಯುವವನಿಗೆ 4.56 ಒಪ್ಪುತ್ತದೆ, ಆಗ 65 ಮೈಲಿ ವೇಗದಲ್ಲಿ ಎಂಜಿನ್ ಸುಮಾರು 1,990 ಸುತ್ತು ಸುತ್ತಿ ಟಾಪ್ ಗೇರನ್ನು ಹಿಡಿದಿಟ್ಟುಕೊಳ್ಳುತ್ತದೆ. ಇನ್ನೂ ಮೇಲಿನ ಅನುಪಾತಗಳಲ್ಲಿ ಪಿನಿಯನ್ ಸಣ್ಣದಾಗುತ್ತ ಹೋಗಿ ಅದರ ಬಲವೂ ಕುಗ್ಗುತ್ತದೆ. ಫೋರ್ಡ್ ಕಂಪನಿ 2017ರ ರಾಪ್ಟರ್ ಪಿಕಪ್ಪನ್ನು 35 ಇಂಚಿನ ಟೈರು, 10 ಗೇರು, 4.10 ಆಕ್ಸಲ್ ಕೂಡಿಸಿಯೇ ಮಾರಿತು. ಈ ನಿದರ್ಶನ ಕೇಳಿದ ಧಣಿ, ಎಂಜಿನಿಯರುಗಳು ಸರ್ಕಾರದ ಮೈಲೇಜು ನಿಯಮಕ್ಕೆ ಹೆದರಿದರೆಂದು ಕನಿಕರದಿಂದ ನಕ್ಕು 4.56 ಬರೆಸುತ್ತಾನೆ.

ಫೋರ್‌ವೀಲ್ ಗಾಡಿಗೆ ಮುಂದೆಯೂ ಒಂದು ಆಕ್ಸಲ್ ಇದೆಯೆಂಬುದು ಎಸ್ಟಿಮೇಟ್ ಕೈಗೆ ಬಂದಾಗ ಅವನಿಗೆ ಹೊಳೆಯುತ್ತದೆ. ಎರಡರ ಅನುಪಾತವೂ ಒಂದೇ ಇರಬೇಕು. ಇಲ್ಲದಿದ್ದರೆ ಫೋರ್‌ವೀಲ್ ಹಾಕಿದಾಗ ಮುಂದಿನದೂ ಹಿಂದಿನದೂ ಒಂದನ್ನೊಂದು ಜಗ್ಗಿ ಏನಾದರೂ ಮುರಿಯುತ್ತದೆ. ಡೇನಾ 44ರಂಥ ಆಕ್ಸಲ್ ಆದರೆ ಕ್ರೌನ್ ಚಕ್ರವನ್ನು ಹೊರುವ ಕೇರಿಯರ್ 3.73ರವರೆಗೆ ಒಂದು, 3.92ರಿಂದ ಮೇಲಕ್ಕೆ ಇನ್ನೊಂದು. ಬಿಲ್ಲು ಮತ್ತೊಂದು ಸಾಲು ಬೆಳೆಯುತ್ತದೆ. ಈಗ ಹಿಂದಿನದು, ಬೋನಸ್ ಬಂದಾಗ ಮುಂದಿನದು ಎಂದು ಧಣಿ ಸಂಧಾನಕ್ಕಿಳಿಯುತ್ತಾನೆ. ಹಾಗೆ ಮಾಡಿದರೆ ಅಲ್ಲಿಯವರೆಗೆ ಫೋರ್‌ವೀಲ್ ಗುಂಡಿಯನ್ನು ಮುಟ್ಟುವಂತಿಲ್ಲ. ಈ ನಿಯಮದಿಂದ ಅವನ ನಿತ್ಯ ಸಂಚಾರಕ್ಕೆ ಯಾವ ಅಡ್ಡಿಯೂ ಆಗದು.

ಕ್ರೌನ್, ಪಿನಿಯನ್ ಎರಡನ್ನೂ ಜೋಡಿಯಾಗಿಯೇ ಬದಲಿಸಬೇಕು. ಹಲ್ಲುಗಳ ನಡುವಿನ ಸಡಿಲವನ್ನು ಇಂಚಿನ ಸಾವಿರದ ಭಾಗಗಳಲ್ಲಿ ಅಳೆದು, ಸಾಮಾನ್ಯವಾಗಿ 6ರಿಂದ 10ರೊಳಗೆ ಇಡುತ್ತಾರೆ. ಹಲ್ಲಿಗೆ ಹಳದಿ ಲೇಪ ಹಚ್ಚಿ ತಿರುಗಿಸಿ, ಒತ್ತು ನಡುಭಾಗಕ್ಕೆ ಬೀಳುತ್ತಿದೆಯೇ ಎಂದು ನೋಡುತ್ತಾರೆ. ತಪ್ಪಿದರೆ ಗೇರು ಊಳಿಡುತ್ತದೆ. ಧಣಿ ಆ ಹಳದಿ ಗುರುತಿನ ಫೋಟೋ ತೆಗೆದು, ಆಫೀಸಿನಲ್ಲಿ ಮಗುವಿನ ಫೋಟೋ ತೋರಿಸಲು ಬಂದವರಿಗೂ ತೋರಿಸುತ್ತಾನೆ.

ಹೊಸ ಗೇರನ್ನು ಪಳಗಿಸಬೇಕು. ಮೊದಲು 15–20 ಮೈಲಿ ಮೆಲ್ಲಗೆ ಓಡಿಸಿ ಪೂರ್ತಿ ತಣಿಯಲು ಬಿಡಬೇಕು. 500 ಮೈಲಿಯವರೆಗೆ ಏನನ್ನೂ ಎಳೆಯದೆ, ಆಮೇಲೆ ಆಯಿಲ್ ಬದಲಿಸಬೇಕು. ಭಾವಮೈದ ಸರಿಯಾಗಿ ಅದೇ ವಾರ ದೋಣಿ ಎಳೆದುಕೊಡೆಂದು ಕರೆಯುತ್ತಾನೆ. ಧಣಿ ಮೊದಲ ಬಾರಿಗೆ ನಿಜವಾದ ಕಾರಣ ಹೇಳಿ ತಪ್ಪಿಸಿಕೊಳ್ಳುತ್ತಾನೆ.

ಕೊನೆಯ ಕೆಲಸ ಸ್ಪೀಡೋಮೀಟರಿನದು. ಟೈರು ಬದಲಿಸಿದಂದಿನಿಂದ ಮುಳ್ಳು 60ರಲ್ಲಿದ್ದಾಗ ಗಾಡಿ 66 ಮೈಲಿ ಮೀರಿ ಓಡುತ್ತಿತ್ತು. ಈಗ ಹೊಸ ಅನುಪಾತವನ್ನೂ ಟೈರಿನ ಎತ್ತರವನ್ನೂ ಗಾಡಿಯ ಕಂಪ್ಯೂಟರಿಗೆ ತಿಳಿಸಬೇಕು. ಅನುಪಾತ 4.56 ಎಂದು ಧಣಿ ಎಲ್ಲರಿಗೂ ಕೇಳುವಂತೆ ಹೇಳುತ್ತಾನೆ. ಟೈರಿನ ಎತ್ತರ ಕೇಳಿದಾಗ, ವೇಗ ಮೀರಿದ ದಂಡದ ಚೀಟಿಯೊಂದು ಜೇಬಿನಲ್ಲಿರುವುದರಿಂದ, ಮೆಕ್ಯಾನಿಕ್ಕನ ಕಿವಿಯ ಹತ್ತಿರ ಬಾಗಿ 34.4 ಎನ್ನುತ್ತಾನೆ.