ನಾಯಿಗೆ ಗ್ರೀಸು ತಿನ್ನಿಸಿದ್ದು

ಹೊಸಪೇಟೆಯಲ್ಲಿ ಹುಟ್ಟಿದ ತಪ್ಪಿಗೆ, ಮನೆಗೆ ಬಂದ ನೆಂಟರಿಗೆಲ್ಲ ತುಂಗಭದ್ರೆಯ ಟಿ.ಬಿ. ಡ್ಯಾಮ್ ತೋರಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. 33 ಗೇಟು, ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ, ಕಟ್ಟಿ ಮುಗಿದದ್ದು 1953 ಎಂದು ಬಾಯಿಪಾಠ ಒಪ್ಪಿಸುತ್ತೇನೆ. ಆಮೇಲೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನಿಸಿ ಬಸ್ಸು ಹತ್ತಿಸುತ್ತೇನೆ. ಅಷ್ಟು ದೊಡ್ಡ ಗೇಟನ್ನು ಹಿಡಿದುಕೊಂಡಿರುವುದು ಏನು ಎಂದು ಒಬ್ಬ ನೆಂಟನೂ ಕೇಳಿರಲಿಲ್ಲ. ಕೇಳಿದ್ದರೆ ಮಿರ್ಚಿ ಕಡೆ ಮಾತು ತಿರುಗಿಸುತ್ತಿದ್ದೆ.

2024ರ ಆಗಸ್ಟ್ 10ರ ರಾತ್ರಿ ಉತ್ತರ ಸಿಕ್ಕಿತು: ಸರಪಳಿ. 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಹೊಳೆಯ ಪಾಲಾಗಿತ್ತು. ಅದೊಂದೇ ಕಂಡಿಯಿಂದ ಸುಮಾರು 35 ಸಾವಿರ ಕ್ಯುಸೆಕ್ ನೀರು ನುಗ್ಗುತ್ತಿದ್ದರೆ, ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ಎತ್ತಿದರು. ಡ್ಯಾಮಿನಿಂದ ಹೆಚ್ಚು ನೀರು ಬಿಟ್ಟಾಗಲೆಲ್ಲ ಮುಳುಗುವುದು ಕಂಪ್ಲಿಯ ಸೇತುವೆ. ಅಲ್ಲಿಂದ ಅತ್ತೆಯವರು ಗಂಟೆಗೊಂದು ಫೋನು ಮಾಡಿ, ಗೇಟು ನಾನೇ ಬಿಟ್ಟೆನೇನೋ ಎಂಬಂತೆ ವಿಚಾರಿಸುತ್ತಿದ್ದರು. ಕಡೆಗೆ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರು ಬಂದು, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಿ, 17ರ ಹೊತ್ತಿಗೆ ನೀರು ನಿಲ್ಲಿಸಿದರು. ಇಳಿವಯಸ್ಸಿನಲ್ಲೂ ಅವರು ಡ್ಯಾಮಿನ ಮೇಲೆ ಓಡಾಡುವುದನ್ನು ಟಿ.ವಿ.ಯಲ್ಲಿ ನೋಡಿ ನನ್ನೊಳಗಿನ ಇಂಜಿನಿಯರ್ ಎದ್ದು ಕೂತ. ಅಲ್ಲಿಯವರೆಗೆ ಅವನು ಒಳಗಿದ್ದಾನೆಂದು ನನಗೂ ಗೊತ್ತಿರಲಿಲ್ಲ. ಮೂವತ್ತು ವರ್ಷ ನಾನು ಮಾಡಿದ್ದು ಗುಮಾಸ್ತಿಕೆ. ಕಡತ ತೆರೆಯದೆ ‘ಪರಿಶೀಲಿಸಲಾಗಿದೆ’ ಎಂದು ಸೀಲು ಒತ್ತುವುದರಲ್ಲಿ ಎತ್ತಿದ ಕೈ.

ಮರುದಿನದಿಂದ ಮನೆಯ ಸರಪಳಿಗಳ ತಪಾಸಣೆ ಶುರು. ಪಡಸಾಲೆಯ ಉಯ್ಯಾಲೆಯ ಕೊಂಡಿಗಳನ್ನು ಭೂತಗನ್ನಡಿಯಲ್ಲಿ ನೋಡಿದೆ. ಮೊಮ್ಮಗನ ಸೈಕಲ್ ಚೈನು ಬಿಚ್ಚಿದೆ; ಅದು ಮತ್ತೆ ಕೂಡಲಿಲ್ಲ.

“ನನ್ನ ಕೊರಳಾಗಿನ ಚೈನೂ ಸವೆದೈತೆ ನೋಡ್ರಿ. ನಿಮ್ಮ ಡ್ಯಾಮಿನ ಸರಪಳಿಗಿಂತ ಹಳೇದೇನೋ ಅಲ್ಲ. ಆದ್ರೂ ಬದಲು ಮಾಡಿಸೋದು ಒಳ್ಳೇದು” ಎಂದಳು ಹೆಂಡತಿ.

ಆ ತಪಾಸಣೆಯನ್ನು ಅನಿರ್ದಿಷ್ಟ ಕಾಲ ಮುಂದೂಡಿ ನಾನು ವಿಂಚಿನ ಕಡೆ ತಿರುಗಿದೆ.

ವಿಂಚಿನ ವಿಷಯ ಹೇಳಬೇಕು. ನಮ್ಮದು ಮಹಡಿ ಮನೆ, ಮೆಟ್ಟಿಲು ಕಿರಿದು. ಕಂಪ್ಲಿಯಿಂದ ಅತ್ತೆಯವರು ಕಳಿಸುವ ಸೋನಾ ಮಸೂರಿ ಚೀಲ ಹೊತ್ತು ನನ್ನ ಸೊಂಟ ಎರಡು ಸಲ ಹಿಡಿದುಕೊಂಡ ಮೇಲೆ, ಸಂಡೂರಿನಲ್ಲಿ ಅದಿರು ಲಾರಿಗಳ ಗ್ಯಾರೇಜು ನಡೆಸುವ ಭಾವಮೈದ ಒಂದು ಹಳೇ ಕೈ ವಿಂಚು ತಂದು ಬಾಲ್ಕನಿಗೆ ಕೂರಿಸಿಕೊಟ್ಟಿದ್ದ. ಡ್ರಮ್ಮು, ಅದಕ್ಕೆ ಸುತ್ತಿದ ಉಕ್ಕಿನ ಹಗ್ಗ, ಎರಡು ಹಲ್ಲಿನ ಚಕ್ರ, ಒಂದು ಹಿಡಿಕೆ. ತಿರುಗಿಸಿದರೆ ಕಟ್ ಕಟ್ ಕಟ್ ಎನ್ನುತ್ತ ಚೀಲ ಮೇಲೆ ಬರುತ್ತದೆ. ಕೈ ಬಿಟ್ಟರೂ ಬೀಳುವುದಿಲ್ಲ. ಹತ್ತು ವರ್ಷ ನಾವು ಅದಕ್ಕೆ ಮಾಡಿದ ಆರೈಕೆ ಎಂದರೆ ಆಯುಧಪೂಜೆಗೆ ವಿಭೂತಿ, ಕುಂಕುಮ ಮತ್ತು ಒಂದು ಚೆಂಡುಹೂವಿನ ಸರ. ಅಷ್ಟೂ ವರ್ಷದ ಕುಂಕುಮ ಹಲ್ಲುಗಳ ಸಂದಿಯಲ್ಲಿ ಗಟ್ಟಿಯಾಗಿ ಕೂತಿತ್ತು.

ರಾತ್ರಿ ಮೊಬೈಲಿನಲ್ಲಿ ‘ವಿಂಚ್ ರಿಪೇರಿ’ ಎಂದು ಹುಡುಕಿದರೆ ಬಂದದ್ದು ಹಾಯಿದೋಣಿ! ನೀಲಿ ಸಮುದ್ರದ ನಡುವೆ ಒಬ್ಬ ಬಿಳಿಗಡ್ಡದವನು ಫಳಫಳ ಹೊಳೆಯುವ ವಿಂಚನ್ನು ಬಿಚ್ಚುತ್ತಿದ್ದ. ಗಾಳಿ ತುಂಬಿದ ಹಾಯಿಯ ಹಗ್ಗವನ್ನು ಬರಿಗೈಯಲ್ಲಿ ಹಿಡಿದರೆ ಮನುಷ್ಯನೇ ಹಾರಿಹೋಗುತ್ತಾನಂತೆ, ಅದಕ್ಕೇ ವಿಂಚು. ನನಗೆ ಗೊತ್ತಿರುವ ದೋಣಿ ಹಂಪಿಯ ಹರಿಗೋಲು ಒಂದೇ. ಅದಕ್ಕೆ ಹಾಯಿಯೂ ಇಲ್ಲ, ವಿಂಚೂ ಇಲ್ಲ, ಇರುವುದು ಹುಟ್ಟು ಹಿಡಿದ ರಟ್ಟೆ. ಆದರೂ ಬಿಳಿಗಡ್ಡದವನನ್ನು ಗುರುವಾಗಿ ಸ್ವೀಕರಿಸಿದೆ. ಎಲ್ಲ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳಿ, ಹಲ್ಲು ಸವೆದಿದೆಯೇ ನೋಡು, ಬೇರಿಂಗಿಗೂ ಹಲ್ಲುಗಳಿಗೂ ಗ್ರೀಸು ಹಚ್ಚು ಎಂದ. ಅಷ್ಟರಲ್ಲಿ ಜಾಹೀರಾತು ಬಂತು. ಹಚ್ಚು ಎಂದ ಮೇಲೆ ಇನ್ನೇನು ಉಳಿಯಿತು ಎಂದು ಮೊಬೈಲು ಮುಚ್ಚಿ ಮಲಗಿದೆ.

ಬೆಳಿಗ್ಗೆ ಬಾಲ್ಕನಿಯಲ್ಲಿ ಹಳೇ ಪತ್ರಿಕೆ ಹಾಸಿ ಕೂತೆ.

“ಏನ್ ಮಾಡಾಕತ್ತೀರಿ?”

“ಸುರಕ್ಷತೆ.”

ಆಕೆ ಏನೂ ಹೇಳದೆ ಒಳಗೆ ಹೋದಳು. ಮೂವತ್ತೈದು ವರ್ಷದ ಸಂಸಾರದಲ್ಲಿ ಆ ಮೌನದ ಅರ್ಥ ನನಗೆ ಗೊತ್ತಾಗಬೇಕಿತ್ತು.

ಮೊದಲು ಉಕ್ಕಿನ ಹಗ್ಗ. ಎಳೆ ಕಿತ್ತಿದೆಯೇ ಎಂದು ಕೈಯಿಂದ ಸವರಿಕೊಂಡು ಹೋದೆ. ಕಿತ್ತಿತ್ತು, ಹೆಬ್ಬೆರಳಿಗೆ ಹೊಕ್ಕಿತು. ಕೈಯಿಂದಲ್ಲ, ಬಟ್ಟೆ ಹಿಡಿದು ಸವರಬೇಕು, ಕಿತ್ತ ಎಳೆಗೆ ಬಟ್ಟೆ ಸಿಕ್ಕಿಕೊಳ್ಳುತ್ತದೆ ಎಂಬುದು ಅರಿಸಿನ ಒತ್ತಿಸಿಕೊಳ್ಳುವಾಗ ಹೊಳೆಯಿತು. ಆಮೇಲೆ ಚಕ್ರ. ಅದರ ಹಲ್ಲಿಗೆ ಬಾಯಿ ಹಾಕಿ ಕೂತಿದ್ದ ಹೆಬ್ಬೆಟ್ಟಿನಷ್ಟು ಉದ್ದದ ಕಬ್ಬಿಣದ ತುಂಡು, ಅದರ ಬೆನ್ನಿಗೆ ಪೆನ್ನಿನ ಸ್ಪ್ರಿಂಗಿನಂಥ ಸ್ಪ್ರಿಂಗು. ಕಟ್ ಕಟ್ ಎನ್ನುತ್ತಿದ್ದುದು ಇದೇ. ಹತ್ತು ವರ್ಷ ನಮ್ಮನ್ನು ಕಾಪಾಡಿದ ಈ ಬಡಪಾಯಿಗೆ ಕೃತಜ್ಞತೆಯಿಂದ ಎಲ್ಲರಿಗಿಂತ ಹೆಚ್ಚು ಗ್ರೀಸು ಮೆತ್ತಿದೆ. ಹೋಳಿಗೆಗೆ ತುಪ್ಪ ಸುರಿದಂತೆ.

ಎಲ್ಲ ಜೋಡಿಸಿದ ಮೇಲೆ ಒಂದು ವಾಷರ್ ಉಳಿಯಿತು. ಹೆಚ್ಚುವರಿ ಎಂದು ಜೇಬಿಗೆ ಹಾಕಿದೆ. ಹಿಡಿಕೆ ತಿರುಗಿಸಿದರೆ ಬೆಣ್ಣೆಯಂತೆ ತಿರುಗಿತು. ಕಟ್ ಕಟ್ ಸದ್ದೇ ಇಲ್ಲ! ಸದ್ದು ಹೋದದ್ದೇ ಸುಧಾರಣೆ ಎಂದು ಬೀಗಿದೆ. ಕೆಳಗೆ 25 ಕೆ.ಜಿ. ಚೀಲಕ್ಕೆ ಕೊಕ್ಕೆ ಹಾಕಿಸಿ ಎತ್ತತೊಡಗಿದೆ. ಚೀಲ ಮಹಡಿ ಮಟ್ಟಕ್ಕೆ ಬಂತು. ಬೆವರು ಒರೆಸಿಕೊಳ್ಳಲು, ಹತ್ತು ವರ್ಷದ ಅಭ್ಯಾಸದಂತೆ, ಕೈ ಬಿಟ್ಟೆ.

ಹಿಡಿಕೆ ಉಲ್ಟಾ ಫ್ಯಾನಿನಂತೆ ಗಿರ್ರನೆ ತಿರುಗಿತು. ಟವೆಲಿಗಾಗಿ ಎರಡು ಹೆಜ್ಜೆ ಹಿಂದೆ ಸರಿದಿದ್ದರಿಂದ ಈ ಲೇಖನವನ್ನು ಬಲಗೈಯಲ್ಲೇ ಬರೆಯುತ್ತಿದ್ದೇನೆ. ಚೀಲ ಬಿತ್ತು. ಆದರೆ ಧಡ್ ಎನ್ನಲಿಲ್ಲ, ಬುಸ್ಸೆಂದಿತು. ಬಗ್ಗಿ ನೋಡಿದರೆ ನಮ್ಮ ಹಳೇ ಹತ್ತಿ ಗಾದಿ, ಎರಡು ಮಡಿಕೆ ಮಾಡಿ ಹಾಸಿದ್ದು. ಅದರ ಮೇಲೆ ಚೀಲ. ಸುತ್ತ ಯಾರೂ ಬರದಂತೆ ನಾಲ್ಕು ಕೊಡ ಅಡ್ಡ ಇಟ್ಟು, ಪಕ್ಕದಲ್ಲಿ ಹೆಂಡತಿ ನಿಂತಿದ್ದಾಳೆ.

“ಯಾವಾಗ ಹಾಸಿದಿ?”

“ನೀವು ಸುರಕ್ಷತೆ ಅಂದಾಗಲೇ.”

ಸಂಡೂರಿನಿಂದ ಭಾವಮೈದ ಬಂದ. ವಿಂಚು ಬಿಚ್ಚಿ ನೋಡಿ ನಗಲೂ ಇಲ್ಲ, ಅದೇ ಬೇಜಾರು.

“ಮಾಮಾ, ಇದಕ್ಕ ನಮ್ಮ ಗ್ಯಾರೇಜಿನ ಹಿಂದಿ ಮೇಸ್ತ್ರಿಗಳು ಕುತ್ತಾ ಅಂತಾರ, ನಾಯಿ. ಹಲ್ಲಿಗೆ ಬಾಯಿ ಹಾಕಿ ಹಿಡಿಯೋದು ಇದರ ಕೆಲಸ. ನೀವು ನಾಯಿಗೆ ಗ್ರೀಸು ತಿನ್ನಿಸೀರಿ. ಹೊಟ್ಟಿ ತುಂಬಿದ ನಾಯಿ ಏನ್ ಹಿಡೀತೈತೆ? ಅಂಟಿಕೊಂಡು ಮಲಗೈತೆ.”

ಹಲ್ಲಿನ ಚಕ್ರಕ್ಕೆ ಗ್ರೀಸು, ಅದೂ ತೆಳ್ಳಗೆ. ನಾಯಿಗೂ ಅದರ ಸ್ಪ್ರಿಂಗಿಗೂ ಬರೀ ಎರಡು ತೊಟ್ಟು ಎಣ್ಣೆ. ಕಟ್ ಕಟ್ ಸದ್ದು ನಿಂತರೆ ಸಂತೋಷಪಡಬಾರದು, ಹೆದರಬೇಕು. ಹಗ್ಗ ಎಷ್ಟೇ ಬಿಟ್ಟರೂ ಡ್ರಮ್ಮಿನ ಮೇಲೆ ಮೂರು ಸುತ್ತಾದರೂ ಉಳಿದಿರಬೇಕು. ಎಳೆ ಕಿತ್ತ ಹಗ್ಗ ಮನೆಯಲ್ಲಿ ಇರಲೇಬಾರದು. ಇಷ್ಟು ಹೇಳಿ ಹೊಸ ಹಗ್ಗ ಹಾಕಿದ, ನನ್ನ ಜೇಬಿನಿಂದ ವಾಷರ್ ಇಸಕೊಂಡು ಅದರ ಜಾಗದಲ್ಲಿ ಕೂರಿಸಿದ. ರಾತ್ರಿ ಕಳ್ಳನಂತೆ ಬಿಳಿಗಡ್ಡದವನ ವಿಡಿಯೋ ಮತ್ತೆ ಹಾಕಿದೆ. ಜಾಹೀರಾತು ಮುಗಿದ ಕೂಡಲೇ ಅವನು ಹೇಳಿದ್ದೂ ಅದೇ: ಅಲ್ಲಿಗೆ ಗ್ರೀಸು ಬೇಡ, ಎಣ್ಣೆ ಸಾಕು.

ಈಗ ನೆಂಟರು ಬಂದರೆ ಡ್ಯಾಮಿಗೆ ಕರೆದುಕೊಂಡು ಹೋಗುತ್ತೇನೆ, ಆದರೆ ಬಾಯಿಪಾಠ ಬಿಟ್ಟಿದ್ದೇನೆ. ನೀರು ನೋಡಲು ಊರಿಗೆ ಊರೇ ಬರುತ್ತದೆ. ಸರಪಳಿ ನೋಡಲು ಯಾರೂ ಬರುವುದಿಲ್ಲ ಎನ್ನುತ್ತೇನೆ. ಅವರು ತಲೆಯಾಡಿಸಿ ಮಿರ್ಚಿ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾರೆ.

ಆ ವರ್ಷದ ಆಯುಧಪೂಜೆಗೆ ವಿಂಚನ್ನು ನಾನೇ ಒರೆಸಿದೆ. ಕುಂಕುಮ ಹಲ್ಲಿಗೆ ತಾಗದಂತೆ ಹೊರಮೈಗೆ ಮಾತ್ರ ಹಚ್ಚಿದೆ. ಎಣ್ಣೆ ಡಬ್ಬಿಗೂ ಒಂದು ಬೊಟ್ಟು ಇಟ್ಟೆ. ತಿರುಗಿ ನೋಡಿದರೆ ಹೆಂಡತಿ ಆರತಿ ತಟ್ಟೆ ಹಿಡಿದು ಮೆಟ್ಟಿಲಿಳಿದು, ಮೂಲೆಯಲ್ಲಿ ಸುತ್ತಿಟ್ಟಿದ್ದ ಗಾದಿಗೆ ಎರಡು ಹೂವು ಏರಿಸುತ್ತಿದ್ದಳು.