ಥಾರಿನ ಮ್ಯಾಲೊಂದು ಮಾಳಗಿ

ಡಂಬಳದ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಮಿರ್ಚಿ-ಮಂಡಕ್ಕಿ ತಿನ್ನುತ್ತ ಕುಳಿತವರ ಪೈಕಿ ಯಾರದಾದರೂ ಕಿಸೆಯಿಂದ ಅಳತೆಯ ಟೇಪು ಇಣುಕುತ್ತಿದ್ದರೆ ಆತ ಗೌಂಡಿಯಲ್ಲ, ಬಡಿಗನಲ್ಲ, ನಮ್ಮ ಟೆಂಟಪ್ಪ. ಹೆತ್ತವರು ಇಟ್ಟ ಹೆಸರು ಬೇರೆ ಇದೆ. ಅದೀಗ ಆಧಾರ್ ಕಾರ್ಡಿನಲ್ಲಿ ಮಾತ್ರ ಉಳಿದುಕೊಂಡಿದೆ.

ಇಂಥವರು ಈಗ ಊರಿಗೊಬ್ಬರು ಸಿಗುತ್ತಾರೆ. ಬೆಂಗಳೂರಿನ ಕಂಪನಿ ನೌಕರಿ. ಕೊರೊನಾ ಕಾಲದಲ್ಲಿ ಲ್ಯಾಪ್‌ಟಾಪು ಬಗಲಲ್ಲಿ ಹಿಡಿದು ಊರಿಗೆ ಬಂದವರು ಏನೇನೋ ನೆವ ಹೇಳಿ ಇಲ್ಲೇ ಉಳಿದರು. ಬಾಡಿಗೆ ಉಳಿಯಿತು, ಆ ದುಡ್ಡು ಕಂತಾಯಿತು, ಕಂತು ಥಾರ್ ಗಾಡಿಯಾಯಿತು. ಥಾರ್ ಬಂದ ಮೇಲೆ ಮನುಷ್ಯನ ನಡಿಗೆಯೇ ಬದಲಾಗುತ್ತದೆ. ಟೆಂಟಪ್ಪ ಹಾಲಿನ ಡೇರಿಗೂ ನಾಲ್ಕೂ ಗಾಲಿಗೆ ಗೇರು ಹಾಕಿಕೊಂಡೇ ಹೋಗುತ್ತಾನೆ. ಮುಂಡರಗಿ ರಸ್ತೆ ಡಾಂಬರಿನದು ಎಂಬ ಸಂಗತಿ ಆತನಿಗೆ ಆಗಿರುವ ದೊಡ್ಡ ಅನ್ಯಾಯ.

ಒಮ್ಮೆ ಮಾತ್ರ ಗಾಡಿಯನ್ನು ನಿಜವಾಗಿ ರಸ್ತೆ ಬಿಡಿಸಿದ್ದ. ಮುಂಗಾರಿನ ಮೊದಲ ಮಳೆ ಬಿದ್ದ ಮರುದಿನ ತಮ್ಮದೇ ಎರಿ ಹೊಲಕ್ಕೆ ಇಳಿಸಿದ. ನಮ್ಮ ಎರಿ ಮಣ್ಣಿನ ಗುಣ ಗೊತ್ತಿದ್ದವರಿಗೆ ಮುಂದಿನದನ್ನು ಹೇಳಬೇಕಿಲ್ಲ. ಒಣಗಿದರೆ ಕಾಲು ಹೋಗುವಷ್ಟು ಬಿರುಕು, ನೆನೆದರೆ ಬಿಡದ ಬೆಲ್ಲದ ಪಾಕ. ಗಾಲಿಗಳು ನಾಲ್ಕೂ ತಿರುಗಿದವು, ಗಾಡಿ ಮಾತ್ರ ಕುಂತಲ್ಲೇ ಕುಂತಿತು. ಕಡೆಗೆ ಅವರಪ್ಪ ಎತ್ತು ಹೂಡಿ ಎಳೆಸಿದ. ಎಳೆಸುವಾಗ ಏನೂ ಅನ್ನಲಿಲ್ಲ. ಮನೆಗೆ ಬಂದು ಎತ್ತುಗಳಿಗೆ ಹಿಂಡಿ ಇಡುತ್ತ, "ಇವುಕ ಕಂತಿಲ್ಲ ನೋಡ್" ಅಂದನಂತೆ.

ಆ ಸೋಲಿನ ನಂತರವೇ ಟೆಂಟಪ್ಪನ ಚಿತ್ತ ಗಾಡಿಯ ಕೆಳಗಿನಿಂದ ಮೇಲಕ್ಕೆ ಹೋಯಿತು. ನೆಲದಲ್ಲಿ ಆಗದ್ದನ್ನು ನೆತ್ತಿಯ ಮೇಲೆ ಸಾಧಿಸಬೇಕು ಅನ್ನಿಸಿರಬೇಕು. ಗಾಡಿಯ ತಲೆಯ ಮೇಲೆ ಟೆಂಟು. ಅದೂ ಹಾರ್ಡ್‌ಶೆಲ್.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಆತ ನನಗೆ ಹೇಳಿದ್ದರಲ್ಲಿ ನೂರಕ್ಕೊಂದು ಪಾಲು ಇದು. ಹಾರ್ಡ್‌ಶೆಲ್ ಎಂದರೆ ಫೈಬರಿನದೋ ಅಲ್ಯೂಮಿನಿಯಮ್ಮಿನದೋ ಗಟ್ಟಿ ಚಿಪ್ಪಿನ ಪೆಟ್ಟಿಗೆ. ಗಾಡಿಯ ಮೇಲಿನ ಚೌಕಟ್ಟಿಗೆ ಬಿಗಿದಿರುತ್ತದೆ. ಕೊಂಡಿ ಬಿಚ್ಚಿದರೆ ಗ್ಯಾಸ್ ತುಂಬಿದ ಕೊಳವೆಗಳು ಮುಚ್ಚಳವನ್ನು ತಾವೇ ಮೇಲೆತ್ತುತ್ತವೆ. ಒಳಗೆ ಹಾಸಿಗೆ ತಯಾರು, ಏಣಿ ಹತ್ತಿ ಮಲಗುವುದಷ್ಟೇ. ಸಾಫ್ಟ್‌ಶೆಲ್ ಆದರೆ ಬಟ್ಟೆಯದು, ಬಿಚ್ಚಿ ಹರವಬೇಕು. ಜಾಗ ಜಾಸ್ತಿ, ಮಳೆಯಲ್ಲಿ ನೆಂದರೆ ಮಡಚುವ ತಾಪತ್ರಯವೂ ಜಾಸ್ತಿ. ಹಾರ್ಡ್‌ಶೆಲ್ಲಿನಲ್ಲೂ ಎರಡು ಕುಲ. ಒಂದು ಬದಿಗೆ ಮಾತ್ರ ಬಾಯಿ ತೆರೆಯುವುದು, ನಾಲ್ಕೂ ಕಡೆ ನೆಟ್ಟಗೆ ಏಳುವುದು. ಇಟಲಿಯವರು 1950ರ ದಶಕದಲ್ಲೇ ಕಾರಿನ ಮೇಲೆ ಇಂಥದ್ದನ್ನು ಕಟ್ಟಿಕೊಂಡು ತಿರುಗಾಡಿದ್ದರು. ನಮ್ಮ ಚಹಾದಂಗಡಿಯಲ್ಲಿ ಇದಕ್ಕೆ ಈಗ ಎರಡು ಹೆಸರುಗಳಿವೆ. ಕಿರಿಯರು 'ಆಮಿ ಚಿಪ್ಪು' ಅನ್ನುತ್ತಾರೆ, ಹಿರಿಯರು 'ಟ್ರಂಕು'.

ತೊಡಕು ಇದ್ದದ್ದು ಎಲ್ಲಿ ಅಂದರೆ, ಟೆಂಟಪ್ಪ ಕೊಂಡದ್ದು ಬಟ್ಟೆಯ ಛಾವಣಿಯ ಥಾರ್. 2020ರಲ್ಲಿ ಹೊಸ ಥಾರ್ ಬಂದಾಗ ಗಟ್ಟಿ ಛಾವಣಿಯದೂ ಇತ್ತು, ಬಿಚ್ಚುವ ಬಟ್ಟೆಯದೂ ಇತ್ತು. ಬಿಚ್ಚಿ ಓಡಾಡಿದರೆ ನೋಡಿದವರು ನಿಂತು ನೋಡುತ್ತಾರೆ ಅಂತ ಬಟ್ಟೆಯದನ್ನೇ ಆರಿಸಿದ್ದ. ಈಗ ಮೆತ್ತಗಿನ ಛಾವಣಿಯ ಮೇಲೆ ಗಟ್ಟಿ ಚಿಪ್ಪು ಕೂಡ್ರಿಸಬೇಕು! ಅವರಪ್ಪ ಕೇಳಿದ್ದು ಒಂದೇ ಮಾತು: "ಕೌದಿ ಮ್ಯಾಲೆ ಬೀಸೂಕಲ್ಲು ಹ್ಯಾಂಗ ನಿಲ್ಲತೈತೊ?"

ಛಾವಣಿ ಬದಲಿಸೋಣ ಅಂದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬಂತು. ಕಂಪನಿ ಕೊಟ್ಟ ಗಾಡಿಯನ್ನು ಆರ್‌ಸಿಯಲ್ಲಿ ಬರೆದದ್ದಕ್ಕೆ ಹೊಂದದ ಹಾಗೆ ಮಾರ್ಪಡಿಸುವಂತಿಲ್ಲ ಅಂತ ಅದು. ಛಾವಣಿಗೆ ತಾಗದಂತೆ ಗಾಡಿಯ ಮೈಗೇ ಬಿಗಿಯುವ ಚೌಕಟ್ಟು ಕೂಡ್ರಿಸೋಣ ಅಂದರೆ ಗದಗಿನ ವೆಲ್ಡಿಂಗ್ ಅಂಗಡಿಯವ, "ಮಾಡಿಕೊಡತೇನ್ರಿ ಸರ, ಹೋದ ವಾರ ಟ್ರ್ಯಾಕ್ಟರಿಗೆ ಮಾಡೇನಿ" ಅಂದ. ಟ್ರ್ಯಾಕ್ಟರಿನ ಹೆಸರು ಕೇಳಿ ಟೆಂಟಪ್ಪನಿಗೆ ಎರಡು ದಿನ ಊಟ ಸೇರಲಿಲ್ಲ.

ಆಮೇಲೆ ತೂಕದ ಶಾಸ್ತ್ರ ಶುರುವಾಯಿತು. ಇಬ್ಬರು ಮಲಗುವ ಹಾರ್ಡ್‌ಶೆಲ್ ಒಂದು ಅರವತ್ತು-ಎಪ್ಪತ್ತು ಕಿಲೋ ತೂಗುತ್ತದೆ. ಗಾಡಿ ಓಡುವಾಗ ಛಾವಣಿ ಹೊರಬಲ್ಲ ಭಾರ ಬೇರೆ, ನಿಂತಾಗ ಹೊರಬಲ್ಲ ಭಾರ ಬೇರೆ. ನಿಂತ ಗಾಡಿ ಎಷ್ಟೋ ಪಟ್ಟು ಹೆಚ್ಚು ಹೊರುತ್ತದೆ, ಓಡುವಾಗ ತಗ್ಗು-ದಿನ್ನೆಯ ಕುಲುಕಾಟಕ್ಕೆ ಆ ಲೆಕ್ಕ ಇಳಿಯುತ್ತದೆ. ಇದನ್ನು ಆತ ಮನೆಯ ಕಟ್ಟೆಯ ಮೇಲೆ ತನ್ನ ಅಮ್ಮನಿಗೆ (ನಮ್ಮ ಕಡೆ ಅಮ್ಮ ಅಂದರೆ ಅಜ್ಜಿ) ಅರ್ಧ ತಾಸು ಬಿಡಿಸಿ ಹೇಳಿದ. ಮುದುಕಿ ಎಲೆಗೆ ಸುಣ್ಣ ಹಚ್ಚುತ್ತ ಎಲ್ಲ ಕೇಳಿ, "ಅಂದ್ರ ಮಲಗಬಹುದು, ಆದ್ರ ಮಲಕ್ಕೊಂಡು ಹೋಗಾಂಗಿಲ್ಲ. ಹೌದಿಲ್ಲೊ?" ಅಂದಳು. ನಾನು ಕೇಳಿದ ವಿವರಣೆಗಳಲ್ಲಿ ಇದಕ್ಕಿಂತ ಚೊಕ್ಕ ಇನ್ನೊಂದಿಲ್ಲ.

ಅದೇ ಮುದುಕಿ ಮುಂದುವರಿಸಿ ಕೊಲ್ಲಾರಿ ಚಕ್ಕಡಿಯ ಸುದ್ದಿ ತೆಗೆದಳು. ಭರತ ಹುಣ್ಣಿಮೆಯ ಹೊತ್ತಿಗೆ ಮೈಲಾರದ ಕಾರ್ಣಿಕಕ್ಕೆ ಹೊರಟರೆ ಚಕ್ಕಡಿಗೆ ಬಿದಿರಿನ ಕಮಾನು, ಕಮಾನಿನ ಮೇಲೆ ಚಾಪೆ, ಒಳಗೆ ಮೆತ್ತಗೆ ಕಣಕಿ ಹಾಸಿ ಮೇಲೆ ಕೌದಿ. ಬುತ್ತಿಗಂಟಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಕೆಳಗೆ ಕಂದೀಲು ತೂಗುತ್ತಿತ್ತು, ಕಂದೀಲಿನ ಹಿಂದೆ ನಾಯಿ. ಮಕ್ಕಳು ಒಳಗೆ, ಗಂಡಸರು ಗಾಲಿಯ ಮಗ್ಗುಲಲ್ಲಿ, ಎತ್ತು ನೊಗಕ್ಕೆ ಕಟ್ಟಿದಲ್ಲೇ. "ನಾವೇನ್ ಅದಕ್ಕ ಶೆಲ್ಲು ಅಂದಿದ್ದಿಲ್ಲಪಾ, ಅದ್ರಾಗ ಮಲಕ್ಕೊಂಡ ಹೊಕ್ಕಿದ್ವಿ" ಅಂದಳು. ಟೆಂಟಪ್ಪ ಎದ್ದು ಟೇಪು ತೆಗೆದು, ದನ ಕಟ್ಟುವ ಹಕ್ಕಿಯಲ್ಲಿ ಮುರಿದುಬಿದ್ದಿದ್ದ ಆ ಹಳೆಯ ಚಕ್ಕಡಿಯ ಅಗಲ ಅಳೆದ. ಹಾರ್ಡ್‌ಶೆಲ್ಲಿಗಿಂತ ಎರಡು ಬೊಟ್ಟು ಹೆಚ್ಚಿತ್ತು. ಅದನ್ನು ಆತ ಯಾರಿಗೂ ಹೇಳಲಿಲ್ಲ. ನಾನು ಪಕ್ಕದಲ್ಲಿ ನಿಂತಿದ್ದೆ.

ಚಿಪ್ಪಿನ ಬದಿಗೋಡೆಯ ಬಟ್ಟೆಯ ಪರೀಕ್ಷೆಗೆ ಬೆಟಗೇರಿಗೆ ಹೋದದ್ದಂತೂ ನೋಡುವಂಥದ್ದು. ಮೂರು ಕಂಪನಿಗಳಿಂದ ಅಂಗೈಯಗಲದ ತುಂಡುಗಳನ್ನು ತರಿಸಿದ್ದ. ಗುರುತಿನ ಹಿರಿಯ ನೇಕಾರರೊಬ್ಬರ ಮುಂದೆ ಇಟ್ಟು, "ಕಾಕಾ, ಇದು 280 ಜಿಎಸ್‌ಎಂ, ಇದು 320" ಅಂತ ಶುರುಮಾಡಿದ. ಅವರು ತುಂಡನ್ನು ಬೆಳಕಿಗೆ ಹಿಡಿದರು, ಉಗುರಿನಿಂದ ಕೆರೆದರು, ಮೂಗಿಗೆ ಹಿಡಿದರು. "ತೂಕ ಹೇಳಬ್ಯಾಡ ತಮ್ಮಾ, ಎಳಿ ಹೇಳು" ಅಂದರು. ಆತನಿಗೆ ಎಳೆಯ ಲೆಕ್ಕ ಗೊತ್ತಿರಲಿಲ್ಲ. ಒಂದನ್ನು ಗಟ್ಟಿ ಅಂದರು, ಒಂದನ್ನು ಚಂದ ಅಂದರು, ಮೂರನೆಯದರಲ್ಲಿ ಕೈ ಒರೆಸಿಕೊಂಡರು. ಟೆಂಟಪ್ಪ ಆರಿಸಿಟ್ಟಿದ್ದು ಆ ಮೂರನೆಯದನ್ನೇ.

ದುಡ್ಡಿನ ಪ್ರಶ್ನೆ ಬರದೇ ಇರುತ್ತದೆಯೇ? ಒಂದೂವರೆ-ಎರಡು ಲಕ್ಷದ ಮಾತು. ಉಳ್ಳಾಗಡ್ಡಿ ರೇಟು ಏರಿದ ವಾರ ಅಲ್ಯೂಮಿನಿಯಂ ಚಿಪ್ಪು, ಇಳಿದ ವಾರ ಫೈಬರ್, ನೆಲ ಕಚ್ಚಿದ ವಾರ ತಾಡಪಾಲು. ಒಂದು ದಿನ ಏಕಾಏಕಿ ನನಗೆ, "ಕಾಕಾ, ದೇಶದ ಮೊದಮೊದಲಿನ ಸಹಕಾರಿ ಸಂಘದಾಗ ಒಂದು ಹುಟ್ಟಿದ್ದ ನಮ್ಮ ಕಣಗಿನಹಾಳದಾಗ, 1905ರಾಗ. ರೈತನ ಮಗ ಟೆಂಟಿಗೆ ಸಾಲ ಕೇಳಿದ್ರ ಯಾಕ ಕೊಡಬಾರದು?" ಅಂದ. ಬೀಜಕ್ಕೆ, ಗೊಬ್ಬರಕ್ಕೆ, ಎತ್ತಿಗೆ ಸಾಲ ಕೊಡಲು ಹುಟ್ಟಿದ ಸಂಸ್ಥೆ ಅದು ಅಂದೆ. "ಇದೂ ಕೃಷಿ ಉಪಕರಣನ. ಹೊಲ ಕಾಯಾಕ" ಅಂದ.

ಹೊಲ ಕಾಯುವ ಮಾತು ಬಂದದ್ದರಿಂದ ಹೇಳುತ್ತೇನೆ. ನಮ್ಮ ಕಡೆ ಸುಗ್ಗಿ ಮುಗಿದ ಹೊಲದಲ್ಲಿ ರೈತರು ಕುರಿ ತರುಬಿಸುತ್ತಾರೆ. ಕುರಿಗಾಹಿ ತನ್ನ ಹಿಂಡನ್ನು ರಾತ್ರಿ ಹೊಲದಲ್ಲಿ ನಿಲ್ಲಿಸಿ, ಕಂಬಳಿ ಹೊದ್ದು ಪಕ್ಕದಲ್ಲೇ ಮಲಗುತ್ತಾನೆ. ಹಿಕ್ಕೆ-ಗಂಜಳ ಹೊಲಕ್ಕೆ ಬೀಳುತ್ತದೆ. ಅದಕ್ಕೆ ಹೊಲದವನೇ ಅವನಿಗೆ ರೊಕ್ಕವೋ ಕಾಳೋ ಕೊಡುತ್ತಾನೆ. ಟೆಂಟಪ್ಪ ಎರಡು ಲಕ್ಷ ಕೊಟ್ಟು ಯಾವ ಸುಖವನ್ನು ಹುಡುಕುತ್ತಿದ್ದಾನೋ ಆ ಸುಖಕ್ಕೆ ಕುರುಬಣ್ಣ ದಿನಗೂಲಿ ತೆಗೆದುಕೊಳ್ಳುತ್ತಿದ್ದಾನೆ. ಇದನ್ನು ನಾನು ಬಾಯಿ ಬಿಟ್ಟು ಹೇಳಿದೆ. ಆತ ಬಹಳ ಹೊತ್ತು ಸುಮ್ಮನಿದ್ದು, "ಕಾಕಾ, ಕಂಬಳಿ ವಾಟರ್‌ಪ್ರೂಫ್ ಇರತೈತೇನ್?" ಅಂತ ಕೇಳಿದ. ಕರಿ ಕಂಬಳಿ ಒಂದು ಮಳೆ ತಡೆಯುತ್ತದೆ ಅಂದೆ. ಮರುದಿನ ಆತನ ಪಟ್ಟಿಯಲ್ಲಿ ಕಂಬಳಿಯೂ ಸೇರಿತ್ತು.

ಟೆಂಟು ಬಂದರೆ ಮೊದಲ ರಾತ್ರಿ ಎಲ್ಲಿ? ಕಪ್ಪತಗುಡ್ಡದ ಮೇಲೆ, ಅಂತ ಮೂರು ವರ್ಷದಿಂದ ಹೇಳುತ್ತಿದ್ದ. ಡೋಣಿಯ ಕಡೆಯಿಂದ ಹತ್ತುವುದು, ಬೆಳಗ್ಗೆ ಮಂಜಿನಲ್ಲಿ ಚಹಾ, ಗಾಳಿಯಂತ್ರಗಳ ಸಾಲು, ಕೆಳಗೆ ಡಂಬಳದ ಕೆರೆ ಕನ್ನಡಿಯ ಹಾಗೆ. ಆದರೆ ಕಪ್ಪತಗುಡ್ಡದ 244 ಚದರ ಕಿಲೋಮೀಟರು 2019ರಿಂದ ವನ್ಯಜೀವಿಧಾಮ. ಮನಸ್ಸಿಗೆ ಬಂದಲ್ಲಿ ಗಾಡಿ ನಿಲ್ಲಿಸಿ ರಾತ್ರಿ ಕಳೆಯಲು ಅದೇನು ಮಾವನ ಮನೆಯಲ್ಲ. ಜತೆಗೆ ತೋಳ, ಚಿರತೆ, ಕತ್ತೆಕಿರುಬ. ಆತ ಅದಕ್ಕೂ ಎದೆಗುಂದಲಿಲ್ಲ. ಗುಡ್ಡ ಬೇಡವಾದರೆ ಗುಡ್ಡದ ಗಾಳಿ ಬೀಸುವ ಹೊಲವಾದರೂ ಆದೀತು ಅಂದುಕೊಂಡು ಗಾಳಿಯ ಅಭ್ಯಾಸಕ್ಕೆ ತೊಡಗಿದ. ಒಂದೇ ಬದಿಗೆ ತೆರೆಯುವ ಚಿಪ್ಪಾದರೆ ಅದರ ಬೆನ್ನು, ಅಂದರೆ ಕೀಲಿನ ಬದಿ, ಗಾಳಿಗೆ ಎದುರಾಗಿರಬೇಕು; ಬಾಯಿ ಗಾಳಿಗೆ ಬಂದರೆ ಮುಚ್ಚಳ ಗಾಳಿಪಟವಾಗುತ್ತದೆ. ಗಾಳಿ ಯಾವ ಕಡೆಯಿಂದ ಅಂತ ತಿಳಿಯಲು ಗುಡ್ಡದ ಮೇಲಿನ ಫ್ಯಾನುಗಳ ಮುಖ ನೋಡಿದರಾಯಿತು, ಅವು ಗಾಳಿಗೆ ಎದುರು ನಿಲ್ಲುತ್ತವೆ. ಇದನ್ನು ಕಂಡುಹಿಡಿದ ದಿನ ಆತ ಅಂಗಡಿಯಲ್ಲಿದ್ದ ಎಲ್ಲರಿಗೂ ಚಹಾ ಕುಡಿಸಿದ. ನನ್ನ ಮಟ್ಟಿಗೆ ಹಾರ್ಡ್‌ಶೆಲ್ಲಿನಿಂದ ಡಂಬಳಕ್ಕೆ ಈವರೆಗೆ ಆದ ಲಾಭ ಆ ಹನ್ನೊಂದು ಕಪ್ ಚಹಾ.

ಟೆಂಟು ಆರಿಸುತ್ತಲೇ ಇರುವ ಈ ಚಟ ಆತನ ಮನೆತನದಲ್ಲಿಲ್ಲ, ಊರಿನಲ್ಲಂತೂ ಇಲ್ಲವೇ ಇಲ್ಲ. ಡಂಬಳಕ್ಕೆ ಧರ್ಮವೊಳಲು ಅಂತ ಹೆಸರಿದ್ದ ಕಾಲದಲ್ಲಿ ಹದಿನಾರು ಜನ ಸೆಟ್ಟರು ಸೇರಿ ಇಲ್ಲೊಂದು ಬೌದ್ಧ ವಿಹಾರ ಕಟ್ಟಿಸಿದರು. 1095ರ ಹೊತ್ತಿನ ತಾರಾದೇವಿಯ ಶಾಸನದಲ್ಲಿ ಆ ಸುದ್ದಿ ಇದೆ. ಹದಿನಾರು ವ್ಯಾಪಾರಿಗಳು ಒಂದು ಕಟ್ಟಡಕ್ಕೆ ಒಪ್ಪಿದರು. ಇಲ್ಲಿ ಒಬ್ಬ ಮನುಷ್ಯ ತನ್ನೊಬ್ಬನ ಹಾಸಿಗೆಗೆ ತಾನೇ ಒಪ್ಪುತ್ತಿಲ್ಲ. ಊರಿನ ಜಪದ ಬಾವಿಯಲ್ಲಿ ಮೆಟ್ಟಿಲಿಳಿದು ನೋಡಿ, ಸುತ್ತಲೂ ಗೂಡಿನಂಥ ಪುಟ್ಟ ಪುಟ್ಟ ಗುಡಿಗಳು, ಒಂದೊಂದರಲ್ಲಿ ಒಬ್ಬ ಕೂಡಬಹುದು. ಅಗಲ ಸಾಲದು ಅಂತ ಆಗ ಯಾರೂ ಟೇಪು ಹಿಡಿದು ಬಂದಿರಲಿಕ್ಕಿಲ್ಲ. ಟೆಂಟಪ್ಪ ಬಂದಿದ್ದಾನೆ.

ದೊಡ್ಡಬಸಪ್ಪನ ಗುಡಿಯ ಮುಂದೆಯೂ ಒಂದು ಪ್ರಸಂಗವಾಯಿತು. ಗಾಡಿ ನಿಲ್ಲಿಸಿ ಮೊಬೈಲಿನಲ್ಲಿ ಮಾತಾಡುತ್ತಿದ್ದ, "ನೋಡ್ರಿ ಫ್ರೆಂಡ್ಸ್, ಇಪ್ಪತ್ತನಾಕು ಮೂಲಿ ನಕ್ಷತ್ರದ ಗುಡಿ, ಕಲ್ಯಾಣದ ಚಾಲುಕ್ಯರ ಕಾಲದ್ದು, ಹನ್ನೆರಡನೇ ಶತಮಾನ. ಇದು ಜಗತ್ತಿನ ಮೊದಲ ಹಾರ್ಡ್‌ಶೆಲ್!" ಅಷ್ಟರಲ್ಲಿ ಕಾವಲಿನವರು ಬಂದು, "ಗಾಡಿ ತಗೀರಿ ಸರ, ನಂದಿಗೆ ಅಡ್ಡ ಬಂದೈತಿ" ಅಂದರು. ಒಳಗಿನ ದೊಡ್ಡ ಬಸಪ್ಪ ಗಟ್ಟಿ ಕಲ್ಲಿನ ಬೆನ್ನು ತಿರುಗಿಸದೆ ನೋಡುತ್ತಿದ್ದ. ಎಂಟುನೂರು ವರ್ಷ ಮಿಕ್ಕಿ ಒಂದೇ ಛಾವಣಿಯ ಕೆಳಗೆ ಕುಳಿತವನಿಗೆ ಟೆಂಟಿನ ಚಿಂತೆ ತಿಳಿಯದು.

ಹೋದ ಬ್ಯಾಸಿಗೆಯಲ್ಲಿ ಒಮ್ಮೆ ಕರೆಂಟು ಹೋದ ರಾತ್ರಿ ಆತನ ಮನೆಗೆ ಹೋಗಿದ್ದೆ. ಮನೆಮಂದಿಯೆಲ್ಲ ಮಾಳಗಿಯ ಮೇಲೆ ಹಾಸಿಕೊಂಡಿದ್ದರು. ಕೊಡದಲ್ಲಿ ನೀರು, ತಲೆದಿಂಬಿನ ಪಕ್ಕ ಬೀಸಣಿಗೆ, ಮೇಲೆ ಡಂಬಳದ ಚಿಕ್ಕೆಗಳೆಲ್ಲ. ಟೆಂಟಪ್ಪ ಮಾತ್ರ ಅಂಗಳದಲ್ಲಿ ಗಾಡಿಯ ಬಾಗಿಲು ತೆಗೆದಿಟ್ಟು, ಸೀಟು ಹಿಂದಕ್ಕೆ ಒರಗಿಸಿ, ಬೆವರುತ್ತ, ಮೊಬೈಲಿನಲ್ಲಿ ಆಸ್ಟ್ರೇಲಿಯಾದ ಯಾರೋ ಗಾಡಿಯ ನೆತ್ತಿಯ ಮೇಲೆ ಮಲಗಿ ಚಿಕ್ಕೆ ನೋಡುವುದನ್ನು ನೋಡುತ್ತಿದ್ದ. ಮೇಲಿನಿಂದ ಅಜ್ಜಿ ಕೂಗಿದಳು, "ಏ ತಮ್ಮಾ, ಮ್ಯಾಲೆ ಬಾರೊ! ರೂಪ್‌ಟಾಪ್ ಖಾಲಿ ಐತಿ!" ಆತ ಹೋಗಲಿಲ್ಲ. ಏಣಿಯ ಕೋನ ಸರಿಯಿಲ್ಲ ಅಂದ.

ಈಗ ಎರಡು ವಾರದಿಂದ ಹೊಸ ವರಸೆ. ಸಾಫ್ಟ್‌ಶೆಲ್ಲೂ ಅಷ್ಟೇನು ಕೆಟ್ಟದ್ದಲ್ಲ, ಮೊದಲಿನಿಂದ ಮತ್ತೆ ಓದಬೇಕು ಅನ್ನುತ್ತಿದ್ದಾನೆ.

ನೀವು ಗುಡಿ ನೋಡಲು ಡಂಬಳಕ್ಕೆ ಬನ್ನಿ, ರೊಟ್ಟಿ ಜಾತ್ರೆಗೂ ಬನ್ನಿ. ಕಿಸೆಯಲ್ಲಿ ಟೇಪು ಇಟ್ಟುಕೊಂಡವನು ಸಿಕ್ಕರೆ ನಮಸ್ಕಾರ ಹೇಳಿ, ಚಹಾ ಕೊಟ್ಟರೆ ಕುಡಿಯಿರಿ. ಯಾವ ಟೆಂಟು ತಗೊಂಡೆ ಅಂತ ಮಾತ್ರ ಕೇಳಬೇಡಿ. ಕೇಳಿದಿರೋ, ಗದಗಿನ ಕಡೇ ಬಸ್ಸು ತಪ್ಪುತ್ತದೆ. ಮಲಗಿಸೋಣ ಅಂದರೆ ಆತನ ಹತ್ತಿರ ಇನ್ನೂ ಟೆಂಟಿಲ್ಲ.