ಪುಕ್ಕಟೆ ಅಂದ್ರೆ ಯಾರೂ ನಂಬಲ್ಲ

ನಿಮ್ಮ ಮನೆಯ ಕಂಪ್ಯೂಟರ್ ಪರದೆಯ ಬಲಗಡೆ ಕೆಳಮೂಲೆ ಒಂದ್ಸಲ ನೋಡಿ. ‘ವಿಂಡೋಸ್ ಆಕ್ಟಿವೇಟ್ ಮಾಡಿ’ ಅಂತ ಮಸುಕು ಅಕ್ಷರದಲ್ಲಿ ಇಂಗ್ಲಿಷ್ ಸಾಲೊಂದು ಕೂತಿದೆಯೇ? ಇದ್ದರೆ ನಾಚಿಕೊಳ್ಳಬೇಡಿ, ಗುಬ್ಬಿಯಿಂದ ಕುಣಿಗಲ್‌ವರೆಗೆ ನಿಮಗೆ ಬೇಕಾದಷ್ಟು ಜೊತೆಗಾರರಿದ್ದಾರೆ. ಯಾರೋ ಹುಡುಗನ ಕೈಗೆ ಐನೂರು ರೂಪಾಯಿ ಇಟ್ಟು, ‘ಒರಿಜಿನಲ್ ಥರಾನೇ ಸಾರ್’ ಅನ್ನಿಸಿಕೊಂಡು ಹಾಕಿಸಿದ ಮಾಲು ಅದು. ಅದೇ ಮಹಾನುಭಾವರಿಗೆ ‘ಲಿನಕ್ಸ್ ಹಾಕ್ಕೊಳ್ಳಿ, ಪುಕ್ಕಟೆ, ಕಾನೂನಿನ ಪ್ರಕಾರವೇ ಪುಕ್ಕಟೆ’ ಅಂದು ನೋಡಿ. ಕಣ್ಣು ಕಿರಿದಾಗುತ್ತದೆ. ‘ಸುಮ್‌ಸುಮ್ನೆ ಯಾಕ್ ಸ್ವಾಮಿ ಕೊಡ್ತಾರೆ? ಏನೋ ಮಸಲತ್ತು ಇರ್ಬೇಕು.’ ಕದ್ದ ಮಾಲಿನ ಮೇಲಿರುವ ನಂಬಿಕೆ ಕರೆದು ಕೊಟ್ಟ ಮಾಲಿನ ಮೇಲಿಲ್ಲ.

ಮಸಲತ್ತು ಏನೂ ಇಲ್ಲ. ಲಿನಕ್ಸ್ ಅಂದರೆ ವಿಂಡೋಸಿನ ಜಾಗದಲ್ಲಿ ಕೂರುವ ವ್ಯವಸ್ಥೆ, 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಅನ್ನುವ ಹೆಲ್ಸಿಂಕಿಯ ವಿದ್ಯಾರ್ಥಿ ಶುರುಮಾಡಿದ್ದು. ಇವತ್ತು ದೊಡ್ಡ ದೊಡ್ಡ ಕಂಪನಿಗಳ ಸರ್ವರ್‌ಗಳೇ ಅದರ ಮೇಲೆ ನಿಂತಿವೆ, ಹಾಗಾಗಿ ಅವರೇ ಸಂಬಳ ಕೊಟ್ಟು ಅದನ್ನು ತಿದ್ದಿಸುತ್ತಾರೆ. ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನ ಒಳತಿರುಳೂ ಲಿನಕ್ಸೇ. ಕೈಯಲ್ಲಿಟ್ಟುಕೊಂಡೇ ‘ನಮ್ಗೆಲ್ಲಿ ಬರುತ್ತೆ ಬಿಡಿ’ ಅನ್ನುವವರಿಗೆ ಏನು ಹೇಳೋಣ?

ಗುಬ್ಬಿಯ ನಮ್ಮ ಮಾವನವರೂ ಹಾಗೇ ಅನ್ನುತ್ತಿದ್ದರು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ನೋಂದಾಯಿಸಿಕೊಂಡವರಿಗೆ ಮಾತ್ರ ಇನ್ನೊಂದು ವರ್ಷದ ವಾಯಿದೆ. ಪರದೆ ತುಂಬ ನೋಟೀಸು ಬಂದಾಗ ಮಾವನವರು ಹೌಹಾರಿದರು. ನಿವೃತ್ತ ಮೇಷ್ಟ್ರು, ನೋಟೀಸ್ ಅಂದರೆ ಈಗಲೂ ಎದ್ದು ನಿಲ್ಲುತ್ತಾರೆ. ವಿಂಡೋಸ್ 11 ಬೇಕಾದರೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ಪು ಇರಬೇಕು, ಇಂಟೆಲ್ ಆದರೆ ಸುಮಾರಾಗಿ ಎಂಟನೇ ತಲೆಮಾರಿನದೋ ಆಮೇಲಿನದೋ ಪ್ರೊಸೆಸರ್ ಇರಬೇಕು ಅಂದೆ. ‘ಏನ್ ಅಳಿಯಂದಿರೇ, ಹೆಣ್ಣು ಕೊಡೋವಾಗ ನಾನೇ ನಿಮ್ಮ ಮನೇದು ಮೂರು ತಲೆಮಾರಿಗೆ ನಿಲ್ಲಿಸಿದ್ದೆ. ಇವರು ಎಂಟನೇದು ಕೇಳ್ತಾರಲ್ರೀ!’

ಅವರ ಹಳೇ ಯಂತ್ರಕ್ಕೆ ಅದು ಒಗ್ಗದು, ಹಾಗಾಗಿ ಲಿನಕ್ಸಿನದೇ ಒಂದು ಬಗೆಯಾದ ಲಿನಕ್ಸ್ ಮಿಂಟ್ ಹಾಕಿದ್ದಾಯಿತು. ಎಡಗಡೆ ಕೆಳಗೆ ಅದೇ ಜಾಗದಲ್ಲಿ ಮೆನು, ಅದೇ ಬ್ರೌಸರ್, ಅದೇ ಯೂಟ್ಯೂಬಿನಲ್ಲಿ ರಂಗಗೀತೆ. ಮೇಷ್ಟ್ರು ನಿಜವಾಗಿ ಬೆರಗಾಗಿದ್ದು ಕನ್ನಡ ಟೈಪಿಂಗ್‌ಗೆ. ಕೀಬೋರ್ಡ್ ಸೆಟ್ಟಿಂಗಿಗೆ ಹೋದರೆ ಕನ್ನಡದ ಕೆಳಗೆ ‘ಕಗಪ’ ಅಂತಲೇ ಇದೆ: ಕೆ.ಪಿ. ರಾವ್ ಅವರು ರೂಪಿಸಿದ, ನುಡಿ ತಂತ್ರಾಂಶದಲ್ಲಿ ಕೈ ಪಳಗಿದವರ ಬೆರಳಿಗೆ ಗೊತ್ತಿರುವ ಅದೇ ಕೀಲಿಮಣೆ. ಬೇರೆ ತಂತ್ರಾಂಶ ಇಳಿಸಿಕೊಳ್ಳುವ ಗೋಜಿಲ್ಲ. ಫಾಂಟ್‌ಗಳ ಪಟ್ಟಿಯಲ್ಲಿ ‘ಗುಬ್ಬಿ’ ಕಂಡಾಗಲಂತೂ ಕುರ್ಚಿಯಿಂದ ಎದ್ದೇಬಿಟ್ಟರು. ಉಬುಂಟು, ಡೆಬಿಯನ್ ಅನ್ನುವ ಲಿನಕ್ಸ್ ಬಗೆಗಳಿಗೆ ಸಿಗುವ ಕನ್ನಡ ಫಾಂಟ್‌ಗಳಲ್ಲಿ ನಿಜಕ್ಕೂ ಗುಬ್ಬಿ, ನವಿಲು ಅಂತ ಎರಡಿವೆ. ನವಿಲೂ ಜೊತೆಗಿದೆ, ಇದು ಹಕ್ಕಿ ಮಾವ, ಊರಲ್ಲ ಅಂದೆ. ‘ಸುಮ್ನಿರಿ, ವೀರಣ್ಣೋರ ಊರು, ಹೆಸರಿಡದೆ ಬಿಡ್ತಾರಾ?’

ಅಷ್ಟರಲ್ಲಿ ಅವರ ಹಳೇ ಕಡತಗಳನ್ನು ತೆರೆದೆವು ನೋಡಿ, ಹಬ್ಬ ಅಲ್ಲಿಗೆ ಮುಗಿಯಿತು. ‘ಕನ್ನಡ’ ಅಂತ ಇದ್ದ ಜಾಗದಲ್ಲಿ ಒಂದು ಪಿ, ತಲೆ ಮೇಲೆ ಗೀಟೆಳೆದ ಎ, ಪೌಂಡಿನ ಗುರುತು, ಮತ್ತೆ ಎ, ಜರ್ಮನರ ಎಸ್ಸು, ಕ್ಯೂ, ಮತ್ತೊಂದು ಎ. ‘ನಿಮ್ ಲಿನಕ್ಸು ನನ್ ಕನ್ನಡಾನ ತಿಂದ್ಹಾಕ್ತು!’ ಲಿನಕ್ಸ್ ತಿಂದಿಲ್ಲ. ಎಲ್ಲ ಲಿಪಿಗೂ ಒಂದೇ ಸಂಕೇತ ಪದ್ಧತಿಯಾದ ಯೂನಿಕೋಡ್ ರೂಢಿಗೆ ಬರುವ ಮುಂಚಿನ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಮನೆಯೊಳಗೆ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಆ ಫಾಂಟ್ ಇಲ್ಲದ ಯಾವ ವಿಂಡೋಸಿನಲ್ಲೂ, ಯಾವ ಫೋನಿನಲ್ಲೂ ಇದೇ ಅವತಾರ. ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳಿವೆ, ಬದಲಾಯಿಸಿದೆವು. ಒತ್ತಕ್ಷರ ಕೆಲವು ಕಡೆ ಕೈಕೊಟ್ಟವು, ಮೇಷ್ಟ್ರು ಕೆಂಪು ಪೆನ್ನು ಹುಡುಕಿದರು.

ಈ ಹಳೇ ಫಾಂಟಿನ ಹಿಡಿತ ಏನೆಂದು ನೋಡಬೇಕಾದರೆ ಕುಣಿಗಲ್‌ಗೆ ಹೋಗಬೇಕು. ಅಲ್ಲಿ ನಮ್ಮ ಭಾವಮೈದನದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶ, ತಿಥಿ ಕಾರ್ಡು, ಎಲ್ಲ ಆ ಹಳೇ ಫಾಂಟಿನಲ್ಲೇ, ಪೇಜ್‌ಮೇಕರ್ ತಂತ್ರಾಂಶದಲ್ಲಿ. ಅದರ ಕೊನೇ ಆವೃತ್ತಿ, 7.0, ಬಂದದ್ದು 2001ರಲ್ಲಿ. ಈಗ ಮದುವೆಯಾಗುವ ಎಷ್ಟೋ ವಧುಗಳಿಗಿಂತ ಸ್ವಲ್ಪವೇ ಕಿರಿಯದು ಅದು. ‘ಬುಡಿ ಭಾವ, ಗಣೇಶನ ಬ್ಲಾಕು, ಬಾರ್ಡರು, ಹಳೇ ಪತ್ರಿಕೆಗಳು ಎಲ್ಲಾ ಅದ್ರಲ್ಲವೆ. ವರನ ಹೆಸ್ರು ತೆಗ್ದು ವರನ ಹೆಸ್ರು ಹಾಕ್ತೀನಿ, ಹತ್ ನಿಮ್ಸದ ಕೆಲ್ಸ. ನಿಮ್ ಲಿನಕ್ಸಲ್ಲಿ ಮಾಡಿ ನೋಡಾಣ.’ ಅವನ ಪುಟ್ಟ ಲೇಸರ್ ಪ್ರಿಂಟರ್ ಲಿನಕ್ಸ್ ಕಂಡರೆ ಮುಖ ತಿರುಗಿಸುತ್ತದೆ. ಬೆರಳಗುರುತು ಓದುವ ಯಂತ್ರದ ಡ್ರೈವರ್ ವಿಂಡೋಸಿಗೆ ಮಾತ್ರ. ಬೆಂಗಳೂರಿನದೇ ಆದ, ಲೆಕ್ಕಪತ್ರ ಬರೆಯುವ ಟ್ಯಾಲಿ ಕೂಡ ವಿಂಡೋಸನ್ನೇ ಕೇಳುತ್ತದೆ. ಭಾವಮೈದ ಹೇಳುವುದು ಸರಿ. ಹೊಟ್ಟೆಪಾಡಿನ ಯಂತ್ರಕ್ಕೆ, ಅದೂ ಮದುವೆ ಸೀಸನ್ನಿನಲ್ಲಿ, ಕೈ ಹಾಕಬಾರದು.

ತುಮಕೂರಿನ ಎಂಜಿನಿಯರಿಂಗ್ ಹುಡುಗರಿಗೆ ಇದೆಲ್ಲ ಅರ್ಥವಾಗದು. ಹೆಸರು ಕೇಳುವ ಮುಂಚೆಯೇ ‘ಅಂಕಲ್, ನಾನು ಆರ್ಚ್ ಲಿನಕ್ಸ್ ಯೂಸ್ ಮಾಡ್ತೀನಿ’ ಅನ್ನುವ ಜನ. ಕಪ್ಪು ಪರದೆ ತೆರೆದು ಟಕಟಕ ಕುಟ್ಟಿ, ಪಕ್ಕದಲ್ಲಿ ಕೂತ ಹಿರಿಯರನ್ನು ಹೆದರಿಸಿ ಮನೆಗೆ ಕಳಿಸುತ್ತಾರೆ. ಲಿನಕ್ಸಿನ ಹೆಸರು ಕೆಡಿಸಿದವರಲ್ಲಿ ಮೊದಲಿಗರು ಲಿನಕ್ಸ್ ಭಕ್ತರೇ. ಅವರ ಹಿಂದಿನ ಬ್ಯಾಚು ಇನ್ನೂ ಚೆಂದ: 2011ರವರೆಗೆ ಉಬುಂಟುವಿನವರು ಕೇಳಿದವರಿಗೆಲ್ಲ ಅಂಚೆಯಲ್ಲಿ ಬಿಟ್ಟಿ ಸಿ.ಡಿ. ಕಳಿಸುತ್ತಿದ್ದರು. ತರಿಸಿಕೊಂಡು, ಕಂಪ್ಯೂಟರಿಗೆ ಹಾಕದೆ, ಹೊಲದಲ್ಲಿ ಹಕ್ಕಿ ಬೆದರಿಸಲು ತೂಗುಹಾಕಿದವರೂ ಇದ್ದರು.

ಇತ್ತ ಕಾಸರಗೋಡಿನ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು ಗದ್ದಲವಿಲ್ಲದೆ ಲಿನಕ್ಸಿನಲ್ಲೇ ಕಂಪ್ಯೂಟರ್ ಪಾಠ ಕಲಿಯುತ್ತಿದ್ದಾರೆ. ಕೇರಳದ ಶಾಲೆಗಳಲ್ಲಿ ಎಷ್ಟೋ ವರ್ಷದಿಂದ ಅದೇ ವ್ಯವಸ್ಥೆ, ಎಸ್ಸೆಸ್ಸೆಲ್ಸಿಯ ಐಟಿ ಪ್ರಾಯೋಗಿಕ ಪರೀಕ್ಷೆಯೂ ಅದರ ಮೇಲೆಯೇ. ಹೈಸ್ಕೂಲ್ ಮಕ್ಕಳಿಗೆ ಬರುವುದು ತುಮಕೂರಿನ ದೊಡ್ಡವರಿಗೆ ಕಷ್ಟ ಅನ್ನುವುದನ್ನು ನಾನಂತೂ ಒಪ್ಪುವುದಿಲ್ಲ.

ಆದ್ದರಿಂದ ಅಂಗಡಿಯವರು ಸದ್ಯಕ್ಕೆ ಇದ್ದಂತೆ ಇರಿ. ಮನೆಯಲ್ಲಿ ಪೇಪರ್ ಓದಲು, ಪತ್ರ ಬರೆಯಲು, ಮೊಮ್ಮಕ್ಕಳ ಮುಖ ನೋಡಲು ಕಂಪ್ಯೂಟರ್ ಇಟ್ಟವರು ಅದನ್ನು ಗುಜರಿಗೆ ಹಾಕುವ ಮುಂಚೆ ಒಂದು 8 ಜಿಬಿ ಪೆನ್‌ಡ್ರೈವಿಗೆ ಮಿಂಟ್ ಹಾಕಿಸಿ, ಅದರಿಂದಲೇ ಶುರುಮಾಡಿ. ಇನ್‌ಸ್ಟಾಲ್ ಮಾಡದೆ ವೈಫೈ, ಸೌಂಡು, ಪ್ರಿಂಟರ್ ಎಲ್ಲ ಪರೀಕ್ಷಿಸಬಹುದು. ಒಗ್ಗಲಿಲ್ಲವೋ, ಪೆನ್‌ಡ್ರೈವ್ ಕಿತ್ತು ರೀಸ್ಟಾರ್ಟ್ ಮಾಡಿ. ಒಗ್ಗಿತೋ, ಇನ್‌ಸ್ಟಾಲ್ ಬಟನ್ ಒತ್ತುವ ಮೊದಲು ಮದುವೆ ಫೋಟೋಗಳನ್ನು ಬೇರೆ ಕಡೆ ಕಾಪಿ ಮಾಡಿಟ್ಟುಕೊಳ್ಳಿ. ಅವು ಹೋದರೆ ಮನೆಯಾಕೆಯ ಮುಂದೆ ನಾನು ಸಾಕ್ಷಿ ಹೇಳಲು ಬರುವುದಿಲ್ಲ.